ಡಾರ್ಟರಿನ ಛಾವಣಿಯ ಕೆಳಗೆ ಸೋತವರಿಗೆ: ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಅಷ್ಟು ಹೊಗಳಿಕೆಗೆ ತಕ್ಕ ಆಟವೇ?

ಪ್ರಶ್ನೆ: ಮರುರೂಪದಲ್ಲಿ ಬಂದಿರುವ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಆಟವನ್ನು ಕೊಂಡು ಆಡುತ್ತಿದ್ದೇನೆ. ಸರದಿಯ ಪ್ರಕಾರ ಆಡುವ ಯುದ್ಧತಂತ್ರದ ಆಟಗಳಲ್ಲಿ ಇದನ್ನು ಮೀರಿಸಿದ್ದು ಇಲ್ಲವೆಂದು ಕೆಲವರು ಹೇಳುತ್ತಾರೆ. ಸಮತೋಲನವೇ ಇಲ್ಲದ, ಬಾಲ್ಯದ ನೆನಪಿನ ಬಲದಿಂದ ಮಾತ್ರ ಉಳಿದಿರುವ ಆಟವೆಂದು ಇನ್ನು ಕೆಲವರು ಹೇಳುತ್ತಾರೆ. ನಾನಂತೂ ಡಾರ್ಟರ್ ಪಟ್ಟಣದ ಕಾಳಗದಲ್ಲಿಯೇ ನಾಲ್ಕು ಸಲ ಸೋತಿದ್ದೇನೆ. ಹಿಂದೆ ಹೋಗಿ ಲೆವೆಲ್ ಏರಿಸಿಕೊಂಡು ಬರಬೇಕೇ? ಹಳೆಯ ಆವೃತ್ತಿ ಒಳ್ಳೆಯದೋ ಹೊಸದೋ? ಇದು ನಿಜವಾಗಿಯೂ ಅಷ್ಟು ದೊಡ್ಡ ಆಟವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹೌದು, ಇದು ದೊಡ್ಡ ಆಟ. ತೆಗಳುವವರು ತೋರಿಸುವ ದೋಷಗಳೂ ಬಹುಮಟ್ಟಿಗೆ ನಿಜವೇ. ಅಭಿಪ್ರಾಯಗಳು ಹೀಗೆ ಎರಡು ತುದಿಗೆ ಹೋಗಲು ಕಾರಣ ಒಂದೇ: ಈ ಆಟದ ಸೊಗಸೆಲ್ಲ ಅದರ ನಿಯಮಗಳಲ್ಲಿದೆ, ಆದರೆ ಮೂಲ ಆಟವು ಆ ನಿಯಮಗಳನ್ನು ಆಡುವವರಿಗೆ ಸರಿಯಾಗಿ ಹೇಳಿಕೊಡಲಿಲ್ಲ. ಅವುಗಳನ್ನು ಕಂಡುಕೊಂಡವರಿಗೆ ಪ್ರತಿ ಕಾಳಗವೂ ಅರ್ಥಪೂರ್ಣವಾಗಿ ಕಂಡಿತು. ಕಂಡುಕೊಳ್ಳದವರಿಗೆ ಅದೇ ಕಾಳಗ ಅನ್ಯಾಯವಾಗಿ ಕಂಡಿತು. ನೀವು ಈಗ ನಿಂತಿರುವುದು ಈ ಎರಡರ ನಡುವಿನ ಹೊಸ್ತಿಲಿನ ಮೇಲೆ.

ಡಾರ್ಟರಿನಲ್ಲಿ ಹೊಸಬರು ಸೋಲುವ ರೀತಿ ಹೆಚ್ಚುಕಡಿಮೆ ಒಂದೇ. ಕಾಳಗ ಆರಂಭವಾದ ಕೂಡಲೇ ಐದೂ ಜನರನ್ನು ಮುಂದಕ್ಕೆ ಓಡಿಸುತ್ತೇವೆ. ಎತ್ತರದ ಛಾವಣಿಯ ಮೇಲೆ ಒಬ್ಬ ಬಿಲ್ಲುಗಾರ ನಿಂತಿರುತ್ತಾನೆ. ಬಿಲ್ಲಿನ ವ್ಯಾಪ್ತಿ ಎತ್ತರದೊಂದಿಗೆ ಹೆಚ್ಚುವುದರಿಂದ, ನಮಗೆ ಬಹಳ ದೂರವೆನಿಸುವ ಚೌಕದಲ್ಲಿ ನಿಂತ ನಮ್ಮವನಿಗೂ ಅವನ ಬಾಣ ತಾಗುತ್ತದೆ. ಅಷ್ಟರಲ್ಲಿ ಮುಂದೆ ಓಡಿದವರು ಒಟ್ಟೊಟ್ಟಿಗೆ ನಿಂತಿರುತ್ತಾರೆ, ಶತ್ರುಪಕ್ಷದಲ್ಲಿ ಮಂತ್ರದಿಂದ ಹೊಡೆಯುವ ಮಾಂತ್ರಿಕರಾದ ಬ್ಲ್ಯಾಕ್ ಮೇಜ್‌ಗಳು ಒಂದೇ ಮಂತ್ರದಲ್ಲಿ ಇಬ್ಬರನ್ನೋ ಮೂವರನ್ನೋ ಸುಡುತ್ತಾರೆ. ಅತಿಥಿಗಳಾಗಿ ಜೊತೆಗಿರುವ ಡೆಲಿಟಾ ಮತ್ತು ಆರ್ಗಾತ್ ನಮ್ಮ ಮಾತು ಕೇಳುವವರಲ್ಲ, ತಮ್ಮ ಪಾಡಿಗೆ ಶತ್ರುವಿನ ಮೇಲೆ ನುಗ್ಗುತ್ತಾರೆ. ಇದು ಲೆವೆಲಿನ ಕೊರತೆಯಿಂದ ಬಂದ ಸೋಲಲ್ಲ. ಇಲ್ಲಿ ನೋಡಬೇಕಾದ ವಿಷಯಗಳು ಬೇರೆ ಇವೆ. ಬಿಲ್ಲಿಗೆ ಕನಿಷ್ಠ ದೂರವೊಂದಿದೆ. ಮೈಗೆ ಮೈ ತಾಗುವಷ್ಟು ಹತ್ತಿರ ನಿಂತವನ ಮೇಲೆ ಬಿಲ್ಲುಗಾರ ಬಾಣ ಬಿಡಲಾರ, ಸ್ಥಳ ಬದಲಿಸಲೇಬೇಕು. ಬ್ಲ್ಯಾಕ್ ಮೇಜ್‌ನ ಬೆಂಕಿಗೆ ಎತ್ತರದ ಹಂಗಿಲ್ಲ, ನಾಲ್ಕು ಚೌಕಗಳೊಳಗೆ ಇದ್ದರೆ ಛಾವಣಿಯ ಮೇಲಿನವನನ್ನೂ ಮುಟ್ಟುತ್ತದೆ. ಕೆಮಿಸ್ಟ್ ಆದವನು ಮದ್ದನ್ನು ನಾಲ್ಕು ಚೌಕ ದೂರದವರೆಗೂ ಎಸೆಯಬಲ್ಲ, ಅದಕ್ಕೆ ಮಂತ್ರದಂತೆ ಕಾಯಬೇಕಾಗಿಯೂ ಇಲ್ಲ. ಆದ್ದರಿಂದ ಇಬ್ಬರು ಕೆಮಿಸ್ಟ್‌ಗಳನ್ನೂ ಒಬ್ಬ ಬ್ಲ್ಯಾಕ್ ಮೇಜ್‌ನನ್ನೂ ಕಟ್ಟಿಕೊಳ್ಳಿ. ಮೊದಲ ಸರದಿಯಲ್ಲಿ ಮುಂದೆ ಹೋಗದೆ, ಗೋಡೆಯ ಮರೆಯಲ್ಲಿ ಬೇರೆಬೇರೆಯಾಗಿ ನಿಂತು ಶತ್ರುಗಳು ಇಳಿದು ಬರುವವರೆಗೆ ಕಾಯಿರಿ. ಈಗಿರುವ ಲೆವೆಲಿನಲ್ಲಿಯೇ ಗೆಲ್ಲುತ್ತೀರಿ.

ಲೆವೆಲ್ ಏರಿಸಿಕೊಳ್ಳಬೇಡಿರೆಂದು ಹೇಳಲು ಇನ್ನೊಂದು ಕಾರಣವೂ ಇದೆ. ಕಥೆಯ ಕಾಳಗಗಳಲ್ಲಿ ಶತ್ರುಗಳ ಲೆವೆಲ್ ಬಹುಪಾಲು ಮೊದಲೇ ಗೊತ್ತುಮಾಡಿದ್ದು. ಆದರೆ ದಾರಿಯಲ್ಲಿ ಎದುರಾಗುವ ಬಿಡಿ ಕಾಳಗಗಳಲ್ಲಿ ಶತ್ರುಗಳು ನಿಮ್ಮ ಲೆವೆಲಿಗೆ ತಕ್ಕಂತೆ ಬೆಳೆಯುತ್ತಾರೆ. ಅಂಗಡಿಯಲ್ಲಿ ನಿಮಗೆ ಒಳ್ಳೆಯ ಕತ್ತಿ ಸಿಗುವ ಮುನ್ನವೇ ನೀವು ಬಹಳ ಮೇಲೇರಿದರೆ, ಕಾಡಿನಲ್ಲಿ ಅಡ್ಡಬರುವ ಶತ್ರುವಿನ ಕೈಯಲ್ಲಿ ನಿಮ್ಮಲ್ಲಿಲ್ಲದ ಆಯುಧವಿರುತ್ತದೆ. ಈ ಆಟದಲ್ಲಿ ಶಕ್ತಿ ಬರುವುದು ಕಲಿತ ವಿದ್ಯೆಯಿಂದ, ಅಂದರೆ ಪ್ರತಿಯೊಬ್ಬನೂ ಕೆಮಿಸ್ಟ್, ಬ್ಲ್ಯಾಕ್ ಮೇಜ್ ಮುಂತಾದ ತನ್ನ ವೃತ್ತಿಯಲ್ಲಿದ್ದು ಕಾಳಗದಲ್ಲಿ ಗಳಿಸುವ ಜಾಬ್ ಪಾಯಿಂಟ್‌ಗಳಿಂದ. ಒಬ್ಬನು ಸಂಪಾದಿಸಿದ ಪಾಯಿಂಟ್‌ಗಳ ಕಾಲುಭಾಗ ಅದೇ ಕಾಳಗದಲ್ಲಿರುವ ಸಂಗಾತಿಗಳಿಗೂ ಆ ವೃತ್ತಿಯ ಲೆಕ್ಕದಲ್ಲಿ ಸೇರುತ್ತದೆ. ಹೀಗಾಗಿ ಒಬ್ಬ ಕೆಮಿಸ್ಟ್ ಜೊತೆಗಿದ್ದರೆ ಉಳಿದವರೂ ಆ ವಿದ್ಯೆಯನ್ನು ಅಷ್ಟಿಷ್ಟು ಕಲಿಯುತ್ತಾರೆ. ಮೊದಲಿಗೆ ಸ್ಕ್ವೈರ್ ಎಂಬ ಆರಂಭದ ವೃತ್ತಿಯಲ್ಲಿ ಸಿಗುವ, ಪಾಯಿಂಟ್‌ಗಳ ಗಳಿಕೆಯನ್ನು ಹೆಚ್ಚಿಸುವ ವಿದ್ಯೆಯನ್ನು ಎಲ್ಲರಿಗೂ ಕಲಿಸಿಬಿಡಿ. ಅದರ ಫಲ ಆಟದ ಕೊನೆಯವರೆಗೂ ಸಿಗುತ್ತದೆ.

ಈಗ ಹೊಗಳಿಕೆಯ ವಿಷಯ. ಜಪಾನಿನಲ್ಲಿ 1997ರ ಜೂನ್ 20ರಂದು ಪ್ಲೇಸ್ಟೇಷನ್‌ಗಾಗಿ ಸ್ಕ್ವೇರ್ ಸಂಸ್ಥೆ ಹೊರತಂದ ಈ ಆಟದ ನಿರ್ದೇಶಕ ಯಾಸುಮಿ ಮಾತ್ಸುನೋ. ಅವರು ಅದಕ್ಕೆ ಮೊದಲು ಕ್ವೆಸ್ಟ್ ಎಂಬ ಸಣ್ಣ ಸಂಸ್ಥೆಯಲ್ಲಿದ್ದು 1995ರಲ್ಲಿ ಟ್ಯಾಕ್ಟಿಕ್ಸ್ ಓಗರ್ ಎಂಬ ಆಟವನ್ನು ಮಾಡಿದ್ದರು. ಪಾತ್ರಗಳಿಗೆ ರೂಪ ಕೊಟ್ಟ ಅಕಿಹಿಕೊ ಯೋಶಿದಾ, ಕಲಾ ನಿರ್ದೇಶಕ ಹಿರೋಶಿ ಮಿನಾಗಾವಾ, ಸಂಗೀತ ನೀಡಿದ ಹಿತೋಶಿ ಸಾಕಿಮೊಟೊ ಮತ್ತು ಮಸಹಾರು ಇವಾಟಾ, ಇವರೆಲ್ಲ ಅಲ್ಲಿಂದಲೂ ಮಾತ್ಸುನೋ ಅವರ ಜೊತೆಗಾರರು. ಕಾಳಗದ ವಿನ್ಯಾಸಕ್ಕೆ ಕೈಹಾಕಿದವರು ಮಾತ್ರ ಸ್ಕ್ವೇರ್‌ನವರೇ ಆದ ಹಿರೋಯುಕಿ ಇಟೊ. ಫೈನಲ್ ಫ್ಯಾಂಟಸಿಯ ನಾಲ್ಕನೆಯ ಆಟದಲ್ಲಿ, ಸರದಿಗಳ ನಡುವೆಯೂ ಗಡಿಯಾರ ಓಡುತ್ತಿರುವ ಪದ್ಧತಿಯನ್ನು ತಂದವರು ಅವರು. ಈ ಆಟದ ಮುಖ್ಯ ಸೊಗಸು ಕಾಲದ ಲೆಕ್ಕದಲ್ಲಿಯೇ ಇರುವುದರಿಂದ ಇದು ಆಕಸ್ಮಿಕವಲ್ಲ ಎಂಬುದು ನನ್ನ ನಂಬಿಕೆ.

ಚದುರಂಗದಲ್ಲಿ ಬಿಳಿಯ ನಡೆ, ಆಮೇಲೆ ಕರಿಯ ನಡೆ. ಇದೇ ಬಗೆಯ ಇನ್ನಿತರ ಆಟಗಳಲ್ಲಿಯೂ ಬಹಳಷ್ಟು ಸಲ ಒಂದು ಸೈನ್ಯವೆಲ್ಲ ನಡೆದ ಮೇಲೆ ಇನ್ನೊಂದು ಸೈನ್ಯ ನಡೆಯುತ್ತದೆ. ಇಲ್ಲಿ ಹಾಗಲ್ಲ. ಪ್ರತಿಯೊಬ್ಬನಿಗೂ ತನ್ನದೇ ಚಾರ್ಜ್ ಟೈಮ್ ಇದೆ. ಪ್ರತಿ ಕ್ಷಣಕ್ಕೂ ಅವನ ವೇಗದಷ್ಟು ಅಂಕ ಅದಕ್ಕೆ ಸೇರುತ್ತದೆ, 100 ಮುಟ್ಟಿದಾಗ ಅವನ ಸರದಿ. ವೇಗ 8 ಇರುವವನಿಗೆ 13 ಕ್ಷಣಗಳಲ್ಲಿ ಸರದಿ ಬಂದರೆ 7 ಇರುವವನಿಗೆ 15 ಕ್ಷಣ ಬೇಕು. ಒಂದೇ ಒಂದು ಅಂಕದ ವ್ಯತ್ಯಾಸ, ಆದರೆ ಕಾಳಗ ಉದ್ದವಾದಂತೆ ವೇಗಿಯು ಒಂದು ಸರದಿಯನ್ನೇ ಹೆಚ್ಚಾಗಿ ಪಡೆಯುತ್ತಾನೆ. ಸರದಿ ಮುಗಿದಾಗ ಏನಾಗುತ್ತದೆಂಬುದು ಇನ್ನೂ ಮುಖ್ಯ. ನಡೆದು, ಹೊಡೆದು, ಎರಡನ್ನೂ ಮಾಡಿದವನ ಲೆಕ್ಕದಿಂದ 100 ಕಳೆಯುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಮಾಡಿದವನಿಂದ 80. ಏನೂ ಮಾಡದೆ ಕಾದವನಿಂದ 60. ಕಾದವನು ಮುಂದಿನ ಸರದಿಗೆ 40 ಅಂಕಗಳ ಮುನ್ನಡೆಯಲ್ಲಿಯೇ ಹೊರಡುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಈ ಆಟದಲ್ಲಿ ಅಂಕಿಯಾಗಿಯೇ ಇಳಿದಿದೆ. ಡಾರ್ಟರಿನಲ್ಲಿ ಮೊದಲ ಸರದಿಯನ್ನು ಬಿಟ್ಟುಕೊಡಿರೆಂದು ನಾನು ಹೇಳಿದ್ದು ಇದರ ಬಲದ ಮೇಲೆಯೇ.

ಮಂತ್ರಗಳಿಗೂ ಕಾಲ ಬೇಕು. ಬೆಂಕಿಯ ಮೊದಲ ಮಂತ್ರಕ್ಕೆ 4 ಕ್ಷಣ. ನಿಮ್ಮ ಮಾಂತ್ರಿಕ ಗುರಿ ಇಟ್ಟ ಶತ್ರುವಿನ ವೇಗ 6, ಚಾರ್ಜ್ ಟೈಮ್ 90 ಎಂದಿಟ್ಟುಕೊಳ್ಳಿ. ಎರಡೇ ಕ್ಷಣಗಳಲ್ಲಿ ಅವನಿಗೆ ಸರದಿ ಬಂದುಬಿಡುತ್ತದೆ, ಮಂತ್ರ ಬೀಳುವ ಹೊತ್ತಿಗೆ ಅವನು ಆ ಚೌಕದಲ್ಲಿರುವುದಿಲ್ಲ. ಹಾಗಾದರೆ ಚೌಕಕ್ಕೆ ಗುರಿಯಿಡದೆ ಮನುಷ್ಯನಿಗೇ ಗುರಿಯಿಡಬಹುದು, ಮಂತ್ರ ಅವನನ್ನು ಹಿಂಬಾಲಿಸುತ್ತದೆ. ಆದರೆ ಅವನು ಓಡಿ ಬರುವುದು ಎಲ್ಲಿಗೆ? ನಿಮ್ಮವರ ನಡುವಿಗೆ. ಬೆಂಕಿ ಅವನಿರುವ ಚೌಕವನ್ನೂ ಅದರ ನಾಲ್ಕು ಪಕ್ಕದ ಚೌಕಗಳನ್ನೂ ಸುಡುವುದರಿಂದ ನಿಮ್ಮ ಕೆಮಿಸ್ಟ್ ನಿಮ್ಮದೇ ಮಂತ್ರಕ್ಕೆ ಬೀಳುತ್ತಾಳೆ. ಹೊಸಬರು ಇದನ್ನು ಯಂತ್ರದ ಮೋಸವೆನ್ನುತ್ತಾರೆ. ಸರದಿಯ ಪಟ್ಟಿಯನ್ನು ಒಮ್ಮೆ ನೋಡಿ ಮಂತ್ರ ಹೇಳುವ ಅಭ್ಯಾಸ ಬಂದ ಮೇಲೆ ಅದೇ ನಿಯಮ ನಿಮ್ಮ ಕೈಯಲ್ಲಿರುತ್ತದೆ: ಶತ್ರುವಿಗೆ ಸರದಿ ಬರುವ ಮುನ್ನವೇ ಬೀಳುವ ಮಂತ್ರವನ್ನು ಆರಿಸುತ್ತೀರಿ, ಇಲ್ಲವೇ ಅವನು ಹೋಗಿ ತನ್ನವರ ನಡುವೆಯೇ ನಿಲ್ಲುವಂತೆ ನಿಮ್ಮವರನ್ನು ಹಿಂದೆಗೆಯುತ್ತೀರಿ.

ಸತ್ತವರಿಗೂ ಈ ಗಡಿಯಾರ ನಿಲ್ಲುವುದಿಲ್ಲ. ಬಿದ್ದವನ ತಲೆಯ ಮೇಲೆ ಮೂರರ ಎಣಿಕೆ ಆರಂಭವಾಗುತ್ತದೆ, ಅವನದೇ ಸರದಿ ಬಂದಾಗಲೆಲ್ಲ ಅದು ಒಂದೊಂದು ಇಳಿಯುತ್ತದೆ, ಮುಗಿದ ಮೇಲೆ ಅವನು ಸ್ಫಟಿಕವಾಗಿಯೋ ಪೆಟ್ಟಿಗೆಯಾಗಿಯೋ ಬದಲಾಗಿ ಶಾಶ್ವತವಾಗಿ ಹೋಗಿಬಿಡುತ್ತಾನೆ. ಎಂದರೆ ಬದುಕಿದ್ದಾಗ ಚುರುಕಾಗಿದ್ದವನೇ ಸತ್ತ ಮೇಲೂ ಬೇಗ ಕೈಜಾರುತ್ತಾನೆ. ಅನೇಕ ವರ್ಷಗಳ ಹಿಂದೆ ನಾನು ಬೆಳೆಸಿದ ನಿಂಜಾ ಒಬ್ಬಳನ್ನು ಹೀಗೆ ಕಳೆದುಕೊಂಡೆ. ಇನ್ನೂ ಸಮಯವಿದೆಯೆಂದು ಮೊದಲು ಎದುರಿನ ನೈಟ್‌ನನ್ನು ಮುಗಿಸಲು ಹೋದೆ, ಅಷ್ಟರಲ್ಲಿ ಅವಳ ಮೂರನೆಯ ಸರದಿಯೂ ಕಳೆದಿತ್ತು. ಅವಳು ಕಥೆಯ ಪಾತ್ರವಲ್ಲ, ಊರಿನ ಸೈನಿಕರ ಮನೆಯಲ್ಲಿ ಹಣ ಕೊಟ್ಟು ಸೇರಿಸಿಕೊಂಡವಳು; ಆಟವೇ ಕೊಟ್ಟ ಹೆಸರೊಂದು ಅವಳಿಗಿತ್ತು. ಆದರೂ ಆ ಸ್ಫಟಿಕವನ್ನು ಎತ್ತಿಕೊಳ್ಳಲು ನನಗೆ ಬಹಳ ಹೊತ್ತು ಮನಸ್ಸಾಗಲಿಲ್ಲ.

ನಿಯಮ ಕಥೆಯ ಮಾತನ್ನೇ ಆಡುವುದೆಂದರೆ ಏನೆಂಬುದಕ್ಕೆ ಅತ್ಯುತ್ತಮ ಉದಾಹರಣೆ ಫೇತ್ ಎಂಬ ಅಂಕಿ, ಅಂದರೆ ಶ್ರದ್ಧೆ. ಮಂತ್ರದ ಬಲವನ್ನು ಹೇಳುವವನ ಶ್ರದ್ಧೆ, ಪಡೆಯುವವನ ಶ್ರದ್ಧೆ ಎರಡನ್ನೂ ಗುಣಿಸಿ ಕಂಡುಹಿಡಿಯಲಾಗುತ್ತದೆ. ಇಬ್ಬರದೂ 70 ಇದ್ದರೆ ಮಂತ್ರದ ಪೂರ್ಣಬಲದ ನೂರಕ್ಕೆ 49 ಪಾಲು ತಾಗುತ್ತದೆ. ಹೇಳುವವನದು 70, ಪಡೆಯುವವನದು 40 ಇದ್ದರೆ ನೂರಕ್ಕೆ 28 ಪಾಲು ಮಾತ್ರ. ಇದು ಸುಡುವ ಮಂತ್ರಕ್ಕೂ ಗಾಯ ಮಾಯಿಸುವ ಮಂತ್ರಕ್ಕೂ ಒಂದೇ. ನಂಬದವನನ್ನು ಸಿಡಿಲು ಅಷ್ಟಾಗಿ ಸುಡುವುದಿಲ್ಲ, ಹಾಗೆಯೇ ಅರ್ಚಕನ ಪ್ರಾರ್ಥನೆಯೂ ಅವನನ್ನು ಅಷ್ಟಾಗಿ ಕಾಯುವುದಿಲ್ಲ. ಯಾರದಾದರೂ ಶ್ರದ್ಧೆಯನ್ನು ಮಾತಿನಿಂದ ಏರಿಸುತ್ತ ಹೋದರೆ ಕೊನೆಗೊಮ್ಮೆ ಅವನು ಯುದ್ಧವನ್ನೇ ಬಿಟ್ಟು ದೇವರ ದಾರಿ ಹಿಡಿಯುತ್ತೇನೆಂದು ನಿಮ್ಮ ಪಡೆಯನ್ನು ತೊರೆಯುತ್ತಾನೆ. ಧರ್ಮಪೀಠವು ಜನರ ನಂಬಿಕೆಯನ್ನು ಆಯುಧವಾಗಿ ಬಳಸುವ ಕಥೆಯೊಳಗೆ ಈ ಲೆಕ್ಕವನ್ನು ಇಟ್ಟವರ ಬುದ್ಧಿಗೆ ನಾನು ಇಂದಿಗೂ ತಲೆಬಾಗುತ್ತೇನೆ. ಇದಕ್ಕೆ ಹೋಲಿಸಿದರೆ ಪಾತ್ರಗಳ ಜನ್ಮರಾಶಿಗಳ ಹೊಂದಾಣಿಕೆಯ ನಿಯಮ ನನಗೆ ಹಿಡಿಸಿಲ್ಲ. ಹೊಡೆಯುವವನ ರಾಶಿ, ಹೊಡೆಸಿಕೊಳ್ಳುವವನ ರಾಶಿ ನೋಡಿ ಏಟಿನ ಬಲ ನೂರಕ್ಕೆ 25ರಷ್ಟೋ, ಕೆಲವೊಮ್ಮೆ 50ರಷ್ಟೋ ಹೆಚ್ಚುಕಡಿಮೆಯಾಗುತ್ತದೆ. ನೆನಪಿಟ್ಟುಕೊಳ್ಳುವುದು ಕಷ್ಟ, ಕಥೆಗೂ ಅದರಿಂದ ಹೆಚ್ಚಿನ ಲಾಭವಿಲ್ಲ. ಮೊದಲ ಬಾರಿ ಆಡುವಾಗ ನೀವು ಅದನ್ನು ಮರೆತರೂ ನಷ್ಟವಿಲ್ಲ.

ಸಮತೋಲನವಿಲ್ಲವೆಂಬ ಆಕ್ಷೇಪಕ್ಕೆ ಬರುತ್ತೇನೆ. ಮೂಲ ಆಟದಲ್ಲಿ ಸಾಮಾನ್ಯ ಸೈನಿಕರಿಗೆ 20 ವೃತ್ತಿಗಳಿವೆ. ಒಂದರಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಇದ್ದುಕೊಂಡು ಬಳಸಬಹುದು, ಆದ್ದರಿಂದ ಜೋಡಣೆಗಳಿಗೆ ಕೊನೆಯಿಲ್ಲ. ಅವುಗಳಲ್ಲಿ ಕೆಲವು ಆಟವನ್ನೇ ಮುರಿದುಹಾಕುತ್ತವೆ. ಗಣಿತಜ್ಞನ ವೃತ್ತಿಯನ್ನೇ ನೋಡಿ. ಅವನು ಸ್ವತಃ ಬಹಳ ನಿಧಾನಿ, ಕೈಯಲ್ಲಿ ಬಲವಿಲ್ಲ. ಆದರೆ ಅವನ ವಿದ್ಯೆಯನ್ನು ಕಲಿತವನು ಲೆವೆಲ್ ಐದರಿಂದ ಭಾಗವಾಗುವ ಎಲ್ಲರ ಮೇಲೆ, ಅಥವಾ ನಿಂತ ನೆಲದ ಎತ್ತರ ಮೂರರಿಂದ ಭಾಗವಾಗುವ ಎಲ್ಲರ ಮೇಲೆ, ಕ್ಷಣವೂ ಕಾಯದೆ, ಮಂತ್ರಶಕ್ತಿಯನ್ನೂ ವ್ಯಯಿಸದೆ ಮಂತ್ರ ಹಾಕಬಲ್ಲ. ಇದನ್ನು ದೋಷವೆಂದು ಕರೆಯಲು ನಾನು ಒಪ್ಪುವುದಿಲ್ಲ. ಅಲ್ಲಿಗೆ ಹೋಗಲು ಬೇಕಾದ ಶ್ರಮ, ಭಾಜಕಗಳನ್ನು ಲೆಕ್ಕಹಾಕುವ ಚಿಂತನೆ, ತನ್ನವರಿಗೆ ಅದು ತಾಗದಂತೆ ಮಾಡುವ ಸಿದ್ಧತೆ, ಇವೆಲ್ಲ ಆಟಗಾರನ ಸ್ವಂತ ಸಂಪಾದನೆ.

ಒರ್ಲಾಂಡೊ ವಿಷಯದಲ್ಲಿ ಮಾತ್ರ ನಾನು ಆಕ್ಷೇಪಿಸುವವರ ಪಕ್ಷ. ನಾಲ್ಕನೆಯ ಅಧ್ಯಾಯದಲ್ಲಿ ಸಿಡಿಲಿನ ದೇವರೆಂದು ಹೆಸರಾದ ಈ ವೃದ್ಧ ಸೇನಾನಿ ನಿಮ್ಮ ಪಡೆಗೆ ಸೇರುತ್ತಾನೆ. ಬರುವಾಗಲೇ ಅತ್ಯುತ್ತಮ ಕತ್ತಿ, ಮೂರು ಬೇರೆಬೇರೆ ಖಡ್ಗವಿದ್ಯೆಗಳು; ದೂರದಿಂದಲೇ, ಕಾಯದೆಯೇ, ತಪ್ಪದ ಏಟು. ಕಥೆಗೆ ಅವನ ಬರವು ಬೇಕಾದದ್ದು, ಅವನ ಘನತೆಗೆ ತಕ್ಕ ಬಲವೂ ಸರಿಯೇ. ಆದರೆ ಮೂವತ್ತು ಗಂಟೆ ಕಷ್ಟಪಟ್ಟು ಬೆಳೆಸಿದ ನಿಮ್ಮ ಅನಾಮಿಕ ಸೈನಿಕರೆಲ್ಲ ಅಂದಿನಿಂದ ಬೆಂಚಿನ ಮೇಲೆ ಕೂರುತ್ತಾರೆ. ಹುಟ್ಟಿನಿಂದ ಬಂದ ಹಿರಿಮೆಯನ್ನು ಪ್ರಶ್ನಿಸುವ ಆಟವೊಂದು, ಹೆಸರುಳ್ಳ ಪಾತ್ರಗಳಿಗೆ ಹೆಸರಿಲ್ಲದವರ ಜಾಗವನ್ನು ಕೊಟ್ಟುಬಿಡುವುದು ನನಗೆ ನೋವಿನ ವಿಷಯ. ನೀವು ಅಲ್ಲಿಗೆ ತಲುಪಿದಾಗ ಅವನನ್ನು ಗೌರವದಿಂದ ಸೇರಿಸಿಕೊಂಡು ಕಾಳಗಕ್ಕೆ ಮಾತ್ರ ಕರೆದೊಯ್ಯದೆ ಇದ್ದು ನೋಡಿ. ಕೊನೆಯ ಅಧ್ಯಾಯದ ರುಚಿ ಉಳಿಯುತ್ತದೆ.

ಕಥೆಯ ಬಗ್ಗೆ ನಿಮ್ಮ ಮುಂದಿನ ಆನಂದ ಕೆಡದಷ್ಟು ಮಾತ್ರ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 15ನೆಯ ಶತಮಾನದಲ್ಲಿ ಸಿಂಹಾಸನಕ್ಕಾಗಿ ಎರಡು ರಾಜಮನೆತನಗಳ ನಡುವೆ ನಡೆದ ಗುಲಾಬಿ ಯುದ್ಧಗಳ ನೆರಳು ಇದರ ಮೇಲಿದೆ. ಐವಲೀಸ್ ಎಂಬ ರಾಜ್ಯ ಐವತ್ತು ವರ್ಷಗಳ ಯುದ್ಧದಲ್ಲಿ ಸೋತಿದೆ, ಹೋರಾಡಿದ ಸೈನಿಕರಿಗೆ ಸಂಬಳ ಕೊಡದೆ ಮನೆಗೆ ಕಳಿಸಲಾಗಿದೆ, ಅವರಲ್ಲಿ ಕೆಲವರು ಬಂಡೆದ್ದಿದ್ದಾರೆ. ನೀವು ನಡೆಸುವ ರಾಮ್ಜಾ ದೊಡ್ಡ ಮನೆತನದ ಹುಡುಗ. ಆ ಬಂಡುಕೋರರನ್ನು ಅಡಗಿಸುವುದೇ ಅವನ ಮೊದಲ ಕೆಲಸ. ಅಂದರೆ ಡಾರ್ಟರಿನ ಛಾವಣಿಯ ಮೇಲಿಂದ ನಿಮಗೆ ಬಾಣ ಬಿಟ್ಟವರು ಸಂಬಳ ಕೇಳಿ ಸಿಗದೆ ಹೋದವರ ಕಡೆಯವರು. ರಾಮ್ಜಾನ ಜೊತೆಯಲ್ಲಿಯೇ ಬೆಳೆದ ಡೆಲಿಟಾ ರೈತರ ಮಗ. ವಿದ್ಯೆಯಲ್ಲಿ, ಶೌರ್ಯದಲ್ಲಿ ಯಾರಿಗೂ ಕಡಿಮೆಯಿಲ್ಲದ ಅವನಿಗೆ ಪ್ರತಿ ಹೆಜ್ಜೆಗೂ ಕುಲದ ಪ್ರಶ್ನೆ ಎದುರಾಗುತ್ತದೆ. ಕರ್ಣನ ಕಥೆ ಕೇಳುತ್ತ ಬೆಳೆದ ನಮಗೆ ಆ ಪ್ರಶ್ನೆಯ ಇರಿತವನ್ನು ಯಾರೂ ವಿವರಿಸಬೇಕಾಗಿಲ್ಲ. ಮೊದಲ ಅಧ್ಯಾಯದ ಕೊನೆಯಲ್ಲಿ, ಹಿಮ ಬೀಳುತ್ತಿರುವ ಕೋಟೆಯೊಂದರ ಮುಂದೆ, ಡೆಲಿಟಾನ ತಂಗಿ ಟಿಯೆಟ್ರಾಳ ಜೀವಕ್ಕೆ ದೊಡ್ಡವರು ಎಷ್ಟು ಬೆಲೆ ಕಟ್ಟುತ್ತಾರೆಂಬುದನ್ನು ನೀವು ನೋಡಲಿದ್ದೀರಿ. ಅಲ್ಲಿಯವರೆಗೆ ಆಡಿದ ಮೇಲೆ ಈ ಆಟವನ್ನು ಬರಿಯ ಹಳೆಯ ನೆನಪು ಎನ್ನುವವರಿಗೆ ನೀವೇ ಉತ್ತರ ಕೊಡಬಲ್ಲಿರಿ.

ಇಲ್ಲಿಯೂ ಒಂದು ದೂರು ನನ್ನದಿದೆ. ಮೂರನೆಯ ಅಧ್ಯಾಯದಿಂದ ಮುಂದೆ ಜನ್ಮರಾಶಿಗಳ ಹೆಸರು ಹೊತ್ತ ಕಲ್ಲುಗಳಲ್ಲಿ ಅಡಗಿರುವ ಲುಕಾವಿ ಎಂಬ ರಾಕ್ಷಸಶಕ್ತಿಗಳು ಕಥೆಯ ಮುಂಭಾಗಕ್ಕೆ ಬರುತ್ತವೆ, ಮನುಷ್ಯರ ಲೋಭದಿಂದ ಹುಟ್ಟಿದ ಯುದ್ಧ ಹಿನ್ನೆಲೆಗೆ ಸರಿಯುತ್ತದೆ, ಡೆಲಿಟಾ ತೀರಾ ವಿರಳವಾಗಿ ಕಾಣಿಸಿಕೊಳ್ಳುತ್ತಾನೆ. ರಾಕ್ಷಸರಿಲ್ಲದೆಯೂ ಈ ಕಥೆ ನಿಲ್ಲುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಆವೃತ್ತಿಗಳ ವಿಷಯದಲ್ಲಿ ನನಗೆ ಸಂದೇಹವಿಲ್ಲ: ನಿಮ್ಮ ಕೈಯಲ್ಲಿರುವುದನ್ನೇ ಆಡಿ. 1998ರಲ್ಲಿ ಅಮೆರಿಕಕ್ಕೆ ಬಂದ ಮೊದಲ ಇಂಗ್ಲಿಷ್ ಅನುವಾದದಲ್ಲಿ ತಪ್ಪುಗಳು ಹೇರಳ, ಕಥೆಯ ಕೆಲವು ಭಾಗಗಳು ಅರ್ಥವೇ ಆಗುತ್ತಿರಲಿಲ್ಲ. 2007ರಲ್ಲಿ ಪಿಎಸ್‌ಪಿ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕಾಗಿ ಬಂದ ವಾರ್ ಆಫ್ ದ ಲಯನ್ಸ್ ಹೊಸ ಅನುವಾದವನ್ನೂ, ಡಾರ್ಕ್ ನೈಟ್, ಆನಿಯನ್ ನೈಟ್ ಎಂಬ ಎರಡು ಹೊಸ ವೃತ್ತಿಗಳನ್ನೂ ತಂದಿತು, ಆದರೆ ಅದರಲ್ಲಿ ಮಂತ್ರ ಹಾಕಿದಾಗಲೆಲ್ಲ ಆಟ ಎಳೆದಾಡುತ್ತಿತ್ತು. ಆ ಅನುವಾದದ ಇಂಗ್ಲಿಷ್ ಹಳೆಯ ನಾಟಕಗಳ ಧಾಟಿಯದು; ನಮ್ಮ ಕಂಪನಿ ನಾಟಕಗಳ ರಾಜನ ಪಾತ್ರಧಾರಿ ಮಾತಾಡಿದಂತೆ ಗಂಭೀರವಾಗಿದೆ, ಚೆನ್ನಾಗಿಯೂ ಇದೆ, ಆದರೆ ಕನ್ನಡದಲ್ಲಿ ಓದಿ ಬೆಳೆದವರಿಗೆ ಮೊದಲ ಕೆಲವು ಗಂಟೆ ಶ್ರಮ ಕೊಡುತ್ತದೆ. 2025ರ ಸೆಪ್ಟೆಂಬರ್ 30ರಂದು ಬಂದ ದಿ ಐವಲೀಸ್ ಕ್ರಾನಿಕಲ್ಸ್‌ನಲ್ಲಿ ಎರಡು ಬಗೆಗಳಿವೆ. ಕ್ಲಾಸಿಕ್ ಎಂಬುದು ಮೂಲ ಆಟವನ್ನು ಬಹುಮಟ್ಟಿಗೆ ಇದ್ದಂತೆಯೇ ಇಡುತ್ತದೆ. ಎನ್‌ಹ್ಯಾನ್ಸ್ಡ್ ಎಂಬುದರಲ್ಲಿ ಎಲ್ಲ ಮಾತುಗಳಿಗೂ ಧ್ವನಿ ಸೇರಿದೆ, ಮಾತ್ಸುನೋ ಅವರೇ ಸಂಭಾಷಣೆಯನ್ನು ತಿದ್ದಿ ಬೆಳೆಸಿದ್ದಾರೆ, ಕಠಿಣತೆಯ ಮೂರು ಮಟ್ಟಗಳಿವೆ, ಆಟ ತಾನಾಗಿಯೇ ಸೇವ್ ಆಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರ ಸರದಿ ಯಾವಾಗ ಬರುತ್ತದೆಂಬುದು ಪರದೆಯ ಮೇಲೆಯೇ ಕಾಣುತ್ತದೆ. ಮೇಲೆ ನಾನು ಹೇಳಿದ ಕಾಲದ ಲೆಕ್ಕವನ್ನು ಇಷ್ಟು ವರ್ಷ ಆಟಗಾರರು ಪಟ್ಟಿಯನ್ನು ತೆರೆದು ಮುಚ್ಚಿ ಹಾಕುತ್ತಿದ್ದರು. ಈಗ ಕಣ್ಣೆತ್ತಿದರೆ ಸಾಕು. ಮೂಲ ಆಟದ ದೊಡ್ಡ ದೋಷ ಮುಚ್ಚಿಟ್ಟ ನಿಯಮಗಳೆಂದು ನಂಬಿರುವ ನನಗೆ ಇದಕ್ಕಿಂತ ಬೆಲೆಯುಳ್ಳ ತಿದ್ದುಪಡಿ ಇನ್ನೊಂದಿಲ್ಲ. ಪಿಎಸ್‌ಪಿ ಆವೃತ್ತಿಯ ಎರಡು ವೃತ್ತಿಗಳನ್ನು ಕೈಬಿಟ್ಟಿರುವುದಕ್ಕೆ ಅನೇಕರು ಬೇಸರಪಟ್ಟಿದ್ದಾರೆ. ಆ ಬೇಸರ ನ್ಯಾಯವಾದದ್ದೇ ಆದರೂ ಮೊದಲ ಬಾರಿ ಆಡುವ ನಿಮಗೆ ಅದರ ಕೊರತೆ ತಿಳಿಯದು. ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಮೂಲ ಆಟದ ಸೋರ್ಸ್ ಕೋಡ್ ಉಳಿದಿರಲಿಲ್ಲವಾದ್ದರಿಂದ ಈ ಮರುರೂಪವನ್ನು ಮಾಡಿದವರು ಹಳೆಯ ಆಟವನ್ನೇ ಬಿಡಿಸಿ ಬಿಡಿಸಿ ನೋಡಿ ಮತ್ತೆ ಕಟ್ಟಬೇಕಾಯಿತು. ಅಷ್ಟು ಶ್ರಮಕ್ಕೆ ತಕ್ಕಷ್ಟು ಸತ್ವ ಅದರಲ್ಲಿದೆಯೆಂದು ಅವರಿಗೂ ಅನ್ನಿಸಿರಬೇಕು.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಎಚ್ಚರಿಕೆ. ಮೂರನೆಯ ಅಧ್ಯಾಯದ ಕೊನೆಗೆ ರಿಯೊವಾನೆಸ್ ಕೋಟೆಯಲ್ಲಿ ಬೆನ್ನುಬೆನ್ನಿಗೆ ಹಲವು ಕಾಳಗಗಳಿವೆ. ನಡುವಿನದರಲ್ಲಿ ರಾಮ್ಜಾ ಒಬ್ಬನೇ, ಹಿಂದೆ ಬಂಡುಕೋರರ ನಾಯಕನಾಗಿದ್ದ ವೀಗ್ರಾಫ್‌ನನ್ನು ಎದುರಿಸಬೇಕು, ಬೇರೆ ಯಾರ ನೆರವೂ ಆ ಹಂತದಲ್ಲಿ ಸಿಗುವುದಿಲ್ಲ. ಮೂಲ ಆಟದಲ್ಲಿ ಕಾಳಗಗಳ ನಡುವೆ ಒಂದೇ ಕಡತದ ಮೇಲೆ ಸೇವ್ ಮಾಡಿದವರು ಮುಂದೆಯೂ ಹೋಗಲಾರದೆ, ಹಿಂದಕ್ಕೆ ಹೋಗಿ ತಯಾರಾಗಲೂ ಆಗದೆ, ನಲವತ್ತು ಗಂಟೆಗಳ ಆಟವನ್ನು ಕಳೆದುಕೊಂಡಿದ್ದಾರೆ. ಯಾವ ಆವೃತ್ತಿಯೇ ಇರಲಿ, ಕೋಟೆಯೊಳಗೆ ಕಾಲಿಡುವ ಮೊದಲು ಬೇರೆಯೇ ಜಾಗದಲ್ಲಿ ಒಂದು ಸೇವ್ ಇಟ್ಟುಕೊಳ್ಳಿ. ರಾಮ್ಜಾನಿಗೆ ಕೆಮಿಸ್ಟ್ ವೃತ್ತಿಯ ಆಟೋ ಪೋಶನ್ ವಿದ್ಯೆಯನ್ನು ಅಷ್ಟರೊಳಗೆ ಕಲಿಸಿರಿ. ಏಟು ತಿಂದಾಗ ತಾನಾಗಿಯೇ ಮದ್ದು ಕುಡಿಯುವ ಆ ವಿದ್ಯೆ, ಒಬ್ಬನೇ ನಿಂತ ಆ ಹೊತ್ತಿನಲ್ಲಿ ಅವನಿಗಿರುವ ಅತ್ಯಂತ ನಂಬಿಕೆಯ ಸಂಗಾತಿ. ಆದರೆ ಅದು ಚೀಲದಲ್ಲಿರುವ ಮದ್ದುಗಳಲ್ಲಿ ಅಗ್ಗದ್ದನ್ನೇ ಮೊದಲು ತೆಗೆಯುವುದರಿಂದ, ಸಾಧಾರಣ ಪೋಶನ್‌ಗಳನ್ನೆಲ್ಲ ಮೊದಲೇ ಮಾರಿ ಮೇಲ್ದರ್ಜೆಯವನ್ನು ಮಾತ್ರ ಉಳಿಸಿಕೊಂಡು ಕೋಟೆಗೆ ಹೋಗಿ.